ಫೈಲ್ ಹಿಡಿಯುವವರು ಒಬ್ಬರಿರಲಿ: ಹಲವು ತೊಂದರೆ ಇರುವ ಮಗುವಿನ ಚಿಕಿತ್ಸೆ ಹೊಂದಿಸಿಕೊಳ್ಳುವ ಬಗೆ

ನನ್ನದು ಬಂಗಾರಪೇಟೆಯಲ್ಲಿ ಜೆರಾಕ್ಸ್ ಅಂಗಡಿ. ಪಹಣಿ, ಆಧಾರ್, ಆದಾಯ ಪತ್ರ, ಮಾರ್ಕ್ಸ್ ಕಾರ್ಡ್ ಎಲ್ಲಾ ನನ್ನ ಮೆಷಿನ್ ದಾಟಿಯೇ ಹೋಗಬೇಕು. ಆಸ್ಪತ್ರೆ ಚೀಟಿಗಳೂ ಬರುತ್ತವೆ. ಬಟ್ಟೆ ಅಂಗಡಿಯ ಕವರಿನಲ್ಲಿ ವರ್ಷಗಟ್ಟಲೆ ತುಂಬಿಟ್ಟ ಚೀಟಿಗಳನ್ನು ಟೇಬಲ್ ಮೇಲೆ ಸುರಿದು, "ಇದರಲ್ಲಿ ಯಾವುದು ಬೇಕೋ ನೀವೇ ನೋಡಿ ತೆಗೀರಿ ಅಣ್ಣಾ" ಅನ್ನುವ ತಾಯಂದಿರನ್ನು ಬೇಕಾದಷ್ಟು ನೋಡಿದ್ದೇನೆ.

ನಮ್ಮ ಮನೆಯಲ್ಲೂ ಅಂಥದ್ದೇ ಕವರ್ ಇತ್ತು, ನಮ್ಮಕ್ಕನ ಮಗನದು. ಅವನನ್ನು ಇಲ್ಲಿ ಮನು ಅನ್ನೋಣ. ಹನ್ನೊಂದು ವರ್ಷ. ಆಟಿಸಂ ಇದೆ (ಮಾತು, ಬೇರೆಯವರ ಜೊತೆ ಬೆರೆಯುವುದು ಉಳಿದ ಮಕ್ಕಳಂತೆ ಇರುವುದಿಲ್ಲ), ಫಿಟ್ಸ್ ಇದೆ, ಬುದ್ಧಿ ಬೆಳವಣಿಗೆ ವಯಸ್ಸಿಗಿಂತ ಹಿಂದಿದೆ. ಫಿಟ್ಸ್‌ಗೆ ಒಬ್ಬ ಡಾಕ್ಟರ್, ನಡವಳಿಕೆಗೆ ಇನ್ನೊಬ್ಬರು, ಮಾತು ಕಲಿಸಲು ಥೆರಪಿಸ್ಟ್, ಜ್ವರ ಕೆಮ್ಮಿಗೆ ನಮ್ಮೂರಿನ ಮಕ್ಕಳ ಡಾಕ್ಟರ್. ಶಾಲೆಯ ಮೇಡಂ ಬೇರೆ. ಎಲ್ಲರೂ ಒಳ್ಳೆಯವರೇ. ಆದರೆ ಇವರು ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಒಬ್ಬರು ಏನು ಬರೆದರು ಅಂತ ಇನ್ನೊಬ್ಬರಿಗೆ ತಿಳಿಯುವುದು ನಮ್ಮ ಬಾಯಿಂದ ಮಾತ್ರ. ಕತ್ತಲಲ್ಲೇ ಎದ್ದು, ಸಾಲಿನಲ್ಲಿ ನಿಂತು, ಅಳುವ ಮಗುವನ್ನು ಹಿಡಿದುಕೊಂಡಿರುವ ತಾಯಿ ಅದನ್ನೆಲ್ಲ ಎಷ್ಟು ಸರಿಯಾಗಿ ಹೇಳಿಯಾಳು? ಡಾಕ್ಟರ್‌ಗಳ ನಡುವೆ ಓಡಾಡುವ ಸುದ್ದಿಯನ್ನು ಮನೆಯವರೇ ಕಾಗದದ ಮೇಲೆ ತಂದುಕೊಳ್ಳಬೇಕು. ಅದನ್ನು ಹೇಗೆ ಮಾಡುವುದು ಅಂತ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಮಾತ್ರೆಯ ತೀರ್ಮಾನ ಅವರದ್ದೇ.

ಮೊದಲು, ಯಾರು ಅನ್ನುವುದು ತೀರ್ಮಾನವಾಗಲಿ

ಫೈಲ್ ಹಿಡಿಯುವ ಕೆಲಸ ತಾಯಿಯದ್ದೇ ಆಗಬೇಕು ಅಂತೇನಿಲ್ಲ. ಆಗದಿದ್ದರೆ ಒಳ್ಳೆಯದು ಅನ್ನುತ್ತೇನೆ ನಾನು. ಊಟ, ಸ್ನಾನ, ರಾತ್ರಿ ನಿದ್ದೆಗೆಡುವುದು ಎಲ್ಲಾ ಅವಳ ಪಾಲಿಗೇ ಇದೆ. ಇದನ್ನಾದರೂ ಸೋದರಮಾವನೋ, ಚಿಕ್ಕಪ್ಪನೋ, ಕಾಲೇಜಿಗೆ ಹೋಗುವ ಚಿಕ್ಕಮ್ಮನೋ ತೆಗೆದುಕೊಳ್ಳಲಿ. ನಮ್ಮಲ್ಲಿ ಅದು ನನ್ನ ತಲೆಗೆ ಬಂತು, ಕಾಗದದ ಅಂಗಡಿಯವನಲ್ವಾ. ಫೈಲ್ ಎಲ್ಲಿದೆ ಅಂತ ಇನ್ನೊಬ್ಬರಿಗೂ ಗೊತ್ತಿರಬೇಕು. ನಾನು ಊರಲ್ಲಿಲ್ಲದ ದಿನವೇ ಬೇಕಾಗುತ್ತದೆ ಅದು.

ಮನೆಯ ವಾಟ್ಸಾಪ್ ಗುಂಪು ಈ ಕೆಲಸಕ್ಕೆ ಬಾರದು. ಗುಡ್ ಮಾರ್ನಿಂಗ್ ಹೂವುಗಳ ನಡುವೆ ಸ್ಕ್ಯಾನ್ ರಿಪೋರ್ಟ್ ಹುಡುಕುವುದು ಯಾರಿಗೆ ಬೇಕು? ಫೋನಿನಲ್ಲಿ ಫೋಟೊ ಇರಲಿ, ಆದರೆ ಕೈಯಲ್ಲಿ ಕಾಗದ ಇರಬೇಕು.

ಮೇಲಿನ ಒಂದು ಹಾಳೆ

ಫೈಲ್ ಎಷ್ಟೇ ದಪ್ಪ ಇರಲಿ, ಡಾಕ್ಟರ್ ನೋಡುವುದು ಮೇಲಿನ ಹಾಳೆ ಒಂದೇ. ಅವರಿಗೆ ಸಿಗುವ ಸಮಯವೂ ಅಷ್ಟೇ. ಹಾಗಾಗಿ ಆ ಒಂದು ಎ4 ಹಾಳೆಯನ್ನು ಚೆನ್ನಾಗಿ ಮಾಡಿ. ಟೈಪ್ ಮಾಡಿಸಲೇಬೇಕು ಅಂತಿಲ್ಲ, ದುಂಡಗೆ ಬರೆದರೂ ಸಾಕು.

ತಲೆಯ ಮೇಲೆ ಮಗುವಿನ ಹೆಸರು, ಹುಟ್ಟಿದ ತಾರೀಖು, ತೂಕ, ತೂಕ ನೋಡಿದ ತಾರೀಖು. ಮಕ್ಕಳ ಔಷಧಿಯ ಪ್ರಮಾಣ ತೂಕದ ಮೇಲೆ ನಿಂತಿರುತ್ತದೆ, ಅದಕ್ಕೇ ತೂಕಕ್ಕೆ ಅಷ್ಟು ಬೆಲೆ. ಅದರ ಕೆಳಗೆ ಏನೇನು ತೊಂದರೆ ಇದೆ ಅಂತ ಡಾಕ್ಟರ್‌ಗಳು ಬರೆದ ಪದದಲ್ಲೇ ಬರೆಯಿರಿ. ಯಾವ ಔಷಧಿ ಆಗಿಬರುವುದಿಲ್ಲ ಅನ್ನುವುದನ್ನು ಕೆಂಪು ಪೆನ್ನಲ್ಲಿ ಬರೆಯಿರಿ.

ಆಮೇಲೆ ಮಾತ್ರೆಗಳು. ಇಲ್ಲಿ ಸ್ವಲ್ಪ ಹುಷಾರು. ಕಂಪನಿ ಹೆಸರು ಒಂದೇ ಸಾಲದು. ಸ್ಟ್ರಿಪ್ಪಿನ ಮೇಲೆ ಸಣ್ಣಕ್ಷರದಲ್ಲಿ ಇರುತ್ತದಲ್ಲ, ಸೋಡಿಯಂ ವಾಲ್ಪ್ರೋಯೇಟ್, ರಿಸ್ಪೆರಿಡೋನ್ ಅಂತ, ಆ ಹೆಸರು ಬರೆಯಿರಿ. ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ಯಾವ ತಾರೀಖಿನಿಂದ, ಯಾವ ಡಾಕ್ಟರ್ ಬರೆದದ್ದು, ಇಷ್ಟೂ ಬೇಕು. ಸಿರಪ್ ಆದರೆ "5 ಎಂಎಲ್" ಅಂತ ಬರೆದು ಬಿಡಬೇಡಿ. ಒಂದು ಬಾಟಲಿಯಲ್ಲಿ 5 ಎಂಎಲ್‌ಗೆ ಒಂದು ಶಕ್ತಿ, ಇನ್ನೊಂದರಲ್ಲಿ ಬೇರೆ ಶಕ್ತಿ ಇರಬಹುದು. ಮೆಡಿಕಲ್ ಸ್ಟೋರಿನವರು ಬೇರೆ ಕಂಪನಿಯದ್ದು ಕೊಟ್ಟರೆ ಲೇಬಲ್ ಓದಿ, ಅಳತೆ ಅದೇನಾ ಅಂತ ಕೇಳಿ. ನಾಟಿ ಔಷಧಿ, ಯಾರೋ ಕೊಟ್ಟ ಪುಡಿ, ಅದನ್ನೂ ಬರೆಯಿರಿ. ನಮ್ಮಮ್ಮ ಮನುವಿಗೆ ತಾಯಿತ ಕಟ್ಟಿಸಿದ್ದಾರೆ. ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ಮೈಮೇಲೆ ಇರುವುದು ಇರಲಿ, ಹೊಟ್ಟೆಗೆ ಹೋಗುವುದು ಮಾತ್ರ ಹಾಳೆಯಲ್ಲಿ ಇರಬೇಕು.

ಈ ಪಟ್ಟಿಯನ್ನು ನೆಗಡಿಗೆ ಹೋದಾಗಲೂ ತೋರಿಸಿ. ಫಿಟ್ಸ್‌ಗೆ ಕಾರ್ಬಮಝೆಪೀನ್ ತೆಗೆದುಕೊಳ್ಳುವ ಮಗುವಿಗೆ ಗಂಟಲು ನೋವಿಗೆ ಎರಿಥ್ರೋಮೈಸಿನ್ ಅಥವಾ ಕ್ಲಾರಿಥ್ರೋಮೈಸಿನ್ ಕೊಟ್ಟರೆ, ರಕ್ತದಲ್ಲಿ ಕಾರ್ಬಮಝೆಪೀನ್ ಏರಿ ಮಗು ತೂರಾಡುವುದು, ವಾಂತಿ ಮಾಡುವುದು ಶುರುವಾಗಬಹುದು. ಪಟ್ಟಿ ನೋಡಿದ ಡಾಕ್ಟರ್ ಬೇರೆ ಆಂಟಿಬಯೋಟಿಕ್ ಬರೆಯುತ್ತಾರೆ. ಪಟ್ಟಿ ಇಲ್ಲದಿದ್ದರೆ ಅವರಿಗಾದರೂ ಹೇಗೆ ಗೊತ್ತಾಗಬೇಕು?

ಕೊನೆಯಲ್ಲಿ ಮಗುವಿನ ಬಗ್ಗೆ ನಾಲ್ಕು ಸಾಲು. ಇದನ್ನು ಯಾರೂ ಬರೆಯುವುದಿಲ್ಲ, ಆದರೆ ಇದರಿಂದ ಉಪಯೋಗ ಜಾಸ್ತಿ. ಮನುವಿನ ಹಾಳೆಯಲ್ಲಿ ಹೀಗಿದೆ: ನೀರು ಬೇಕಾದರೆ ತೆಲುಗಿನಲ್ಲಿ ನೀಳ್ಳು ಅನ್ನುತ್ತಾನೆ, ಬೇಡ ಅನ್ನುವುದನ್ನು ಕನ್ನಡದಲ್ಲಿ ಹೇಳುತ್ತಾನೆ. ತಲೆ ಮುಟ್ಟಿದರೆ ಆಗುವುದಿಲ್ಲ. ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾನೆ. ಕೈಗೆ ಕೀ ಗೊಂಚಲು ಕೊಟ್ಟರೆ ಐದು ನಿಮಿಷ ಕೂರುತ್ತಾನೆ. ಇದನ್ನು ಓದಿದ ನರ್ಸಮ್ಮ ಒಬ್ಬರು ತಮ್ಮ ಬೀರುವಿನ ಕೀ ಕೊಟ್ಟು ಸುಲಭವಾಗಿ ರಕ್ತ ತೆಗೆದರು.

ಅಂದ ಹಾಗೆ, ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತಮಿಳು, ಇದು ನಮ್ಮ ಬಂಗಾರಪೇಟೆ. ಮಗುವಿಗೆ ಮಾತು ತಡವಾದರೆ "ಮನೆಭಾಷೆ ಬಿಟ್ಟುಬಿಡಿ" ಅಂತ ಸಲಹೆ ಕೊಡುವವರು ಇದ್ದಾರೆ. ಎರಡು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ. ಅಜ್ಜಿಗೆ ಬರುವ ಭಾಷೆಯಲ್ಲೇ ಅಜ್ಜಿ ಮಾತಾಡಲಿ.

ಹಾಳೆ ಬದಲಾದಾಗ ಹಳೆಯದನ್ನು ಹರಿದು ಹಾಕಬೇಡಿ. ತಾರೀಖು ಹಾಕಿ ಹಿಂದಕ್ಕೆ ಸೇರಿಸಿ. ಇನ್ನೊಂದು ಮಾತು, ಇದು ನನ್ನ ಕಸುಬಿನದ್ದು. ಕೆಲವು ಲ್ಯಾಬ್ ರಸೀದಿ, ಬಿಲ್ಲುಗಳು ನುಣುಪಾದ ಥರ್ಮಲ್ ಕಾಗದದಲ್ಲಿ ಬರುತ್ತವೆ. ಬಿಸಿಲಿಗೆ, ಪ್ಲಾಸ್ಟಿಕ್ ಕವರಿಗೆ ಅಕ್ಷರ ಅಳಿಸಿಹೋಗಿ ಬಿಳಿ ಹಾಳೆ ಆಗಿಬಿಡುತ್ತದೆ. ಬಂದ ದಿನವೇ ಜೆರಾಕ್ಸ್ ಮಾಡಿಸಿ. ಅದಕ್ಕೆ ಲ್ಯಾಮಿನೇಷನ್ ಮಾಡಿಸಲೇಬೇಡಿ, ಬಿಸಿ ತಾಗಿದರೆ ಪೂರ್ತಿ ಕಪ್ಪಾಗುತ್ತದೆ.

ಎರಡು ತಾರೀಖುಗಳ ನಡುವೆ

ಹಾಳೆಯಿಂದ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಮನೆಯದ್ದೇ ಒಂದು ಸಂಗತಿ. ಮನುವಿನ ಫಿಟ್ಸ್ ಮಾತ್ರೆ ಬದಲಾಯಿತು. ಲೆವೆಟಿರಾಸಿಟಾಮ್ ಅನ್ನುವುದು ಶುರುವಾಯಿತು. ಫಿಟ್ಸ್ ನಿಂತಿತು. ನಮಗೆಲ್ಲ ಖುಷಿ. ಆದರೆ ಸ್ವಲ್ಪ ದಿನದಲ್ಲೇ ಹುಡುಗನ ರೀತಿಯೇ ಬೇರೆಯಾಯಿತು. ತಟ್ಟೆಯಲ್ಲಿದ್ದ ಮುದ್ದೆ ಎತ್ತಿ ಗೋಡೆಗೆ ಹೊಡೆದ. ಅವರಮ್ಮನ ಮುಂಗೈ ಕಚ್ಚಿದ. ಶಾಲೆಯಲ್ಲಿ ಪಕ್ಕದ ಹುಡುಗನ ಕೂದಲು ಹಿಡಿದು ಬಿಡಲೇ ಇಲ್ಲ. ದೃಷ್ಟಿ ಅಂದರು ಒಬ್ಬರು, ಮುದ್ದು ಜಾಸ್ತಿ ಆಯಿತು ಅಂದರು ಇನ್ನೊಬ್ಬರು.

ನಡವಳಿಕೆಯ ಡಾಕ್ಟರ್ ಹತ್ತಿರ ಹೋಗುವ ದಿನ ಬಂತು. ಸುಮ್ನೆ "ಸಿಟ್ಟು ಜಾಸ್ತಿಯಾಗಿದೆ" ಅಂದಿದ್ದರೆ ಸಿಟ್ಟಿಗೆ ಇನ್ನೊಂದು ಮಾತ್ರೆ ಸೇರುತ್ತಿತ್ತೇನೋ. ಹಾಳೆಯಲ್ಲಿ ಹೊಸ ಮಾತ್ರೆ ಶುರುವಾದ ತಾರೀಖು ಇತ್ತು. ಅದರ ಕೆಳಗೇ ಮೊದಲ ಸಲ ಕಚ್ಚಿದ ತಾರೀಖು ಇತ್ತು. ಡಾಕ್ಟರ್ ಎರಡರ ಮೇಲೂ ಬೆರಳಿಟ್ಟರು. ಈ ಮಾತ್ರೆಯಿಂದ ಕೆಲವು ಮಕ್ಕಳಲ್ಲಿ ಸಿಡುಕು, ಸಿಟ್ಟು ಬರುವುದುಂಟು ಅಂದರು. ತಾವೇ ನಿಲ್ಲಿಸಲಿಲ್ಲ. ಫಿಟ್ಸ್ ಡಾಕ್ಟರ್‌ಗೆ ಎರಡು ಸಾಲು ಬರೆದುಕೊಟ್ಟರು. ಅವರು ಅದನ್ನು ಓದಿ, ನಿಧಾನವಾಗಿ ಇಳಿಸುತ್ತಾ ಬೇರೆ ಮಾತ್ರೆಗೆ ತಂದರು. ಹುಡುಗ ಮೊದಲಿನಂತಾದ.

ಇದನ್ನು ಓದಿ ಯಾರೂ ಮನೆಯಲ್ಲಿ ಮಾತ್ರೆ ನಿಲ್ಲಿಸಬಾರದು. ಎಷ್ಟೋ ಮಕ್ಕಳಿಗೆ ಇದೇ ಮಾತ್ರೆ ಚೆನ್ನಾಗಿ ಒಗ್ಗುತ್ತದೆ. ಫಿಟ್ಸ್ ಮಾತ್ರೆ ಇದ್ದಕ್ಕಿದ್ದ ಹಾಗೆ ನಿಲ್ಲಿಸಿದರೆ ನಿಲ್ಲದ ಫಿಟ್ಸ್ ಬಂದು ಜೀವಕ್ಕೇ ಅಪಾಯ.

ಅಲ್ಲಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ಯಾವ ಮಾತ್ರೆ ಯಾರ ಸುಪರ್ದಿಯಲ್ಲಿ ಅಂತ ಹಾಳೆಯಲ್ಲೇ ಬರೆದಿದೆ. ಒಬ್ಬ ಡಾಕ್ಟರ್ ಬದಲಾವಣೆ ಮಾಡಿದರೆ ನಾವು ಕೇಳುವುದು ಒಂದೇ: "ಸರ್, ಇದನ್ನು ಇನ್ನೊಬ್ಬ ಡಾಕ್ಟರ್‌ಗೆ ಎರಡು ಸಾಲು ಬರೆದುಕೊಡಿ." ಹಾಗೆ ಕೇಳುವುದಕ್ಕೆ ಸಂಕೋಚ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಚಿಕಿತ್ಸೆಯ ಮೂಲಭೂತ ದಾಖಲೆಗಳನ್ನು (ಬೇಸಿಕ್ ಮೆಡಿಕಲ್ ರೆಕಾರ್ಡ್) ಪಡೆಯುವುದು ಹಕ್ಕು ಅಂತಲೇ ಇದೆ. ಮಕ್ಕಳ ಪರವಾಗಿ ತಂದೆ ತಾಯಿ ಕೇಳಬಹುದು.

ನಡವಳಿಕೆ ದಿಢೀರನೆ ಕೆಟ್ಟರೆ ಮೈಯನ್ನೂ ನೋಡಬೇಕು. ಮಾತು ಬಾರದ ಮಗು ಹಲ್ಲು ನೋವಿಗೆ ಕೆನ್ನೆ ಹೊಡೆದುಕೊಳ್ಳುತ್ತದೆ. ಮಲಬದ್ಧತೆ, ಕಿವಿ ಸೋರುವುದು, ನಿದ್ದೆ ಕೆಡುವುದು, ಹೆಣ್ಣುಮಕ್ಕಳಾದರೆ ಮುಟ್ಟಿನ ನೋವು. ಬಾಯಿ ತೆರೆಸಿ ಟಾರ್ಚ್ ಹಾಕಿ ನೋಡುವುದಕ್ಕೆ ಎಷ್ಟು ಹೊತ್ತು ಬೇಕು?

ಯಾವುದಕ್ಕೆ ಎಲ್ಲಿಗೆ

ಎಲ್ಲದಕ್ಕೂ ಬೆಂಗಳೂರಿಗೆ ಓಡಬೇಕಿಲ್ಲ. ಆರು ವರ್ಷದೊಳಗಿನ ಮಕ್ಕಳ ವಿಷಯವಾದರೆ ಅಂಗನವಾಡಿಯಿಂದಲೇ ಶುರು ಮಾಡಿ. ಆರ್‌ಬಿಎಸ್‌ಕೆ ಅನ್ನುವ ಮಕ್ಕಳ ಆರೋಗ್ಯ ತಂಡ ಅಂಗನವಾಡಿಗೆ ವರ್ಷಕ್ಕೆ 2 ಸಲ, ಸರ್ಕಾರಿ ಶಾಲೆಗೆ 1 ಸಲ ಬರುತ್ತದೆ. ಬೆಳವಣಿಗೆ ತಡ ಅನ್ನಿಸಿದ ಮಕ್ಕಳನ್ನು ಅವರು ಮುಂದಕ್ಕೆ ಕಳಿಸುತ್ತಾರೆ. 18 ವರ್ಷದವರೆಗೂ ಈ ಯೋಜನೆ ಇದೆ. ತಂಡ ಬರುವ ದಿನ ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ.

ಮನೋವೈದ್ಯರು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಗುತ್ತಾರೆ. ನಮಗೆ ಅದು ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆ. ಮನೋಚೈತನ್ಯ ಅನ್ನುವ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮಾನಸಿಕ ಆರೋಗ್ಯ ಕ್ಲಿನಿಕ್ ಇಟ್ಟಿದ್ದಾರೆ. ಹೋಗುವ ಮೊದಲು ಫೋನ್ ಮಾಡಿ, ಈ ವಾರ ಡಾಕ್ಟರ್ ಇದ್ದಾರಾ ಅಂತ ಕೇಳಿಕೊಂಡೇ ಹೋಗಿ. ರಜೆ, ಮೀಟಿಂಗ್ ಯಾವಾಗ ಬೇಕಾದರೂ ಬರಬಹುದು. ತಿಂಗಳ ಮಾತ್ರೆ, ತೂಕ ನೋಡುವುದು, ಪ್ರಶ್ನೆ ಕೇಳುವುದು ಇಲ್ಲೇ ಆಗಲಿ. ಮಾನಸಿಕ ಕಾಯಿಲೆಯ ಅಗತ್ಯ ಮಾತ್ರೆಗಳು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗಬೇಕು ಅಂತ ಅದೇ 2017ರ ಕಾಯ್ದೆಯಲ್ಲೇ ಇದೆ. ರಿಸ್ಪೆರಿಡೋನ್ ಕೊಡುತ್ತಿದ್ದರೆ ಹಸಿವು, ತೂಕ ಎರಡೂ ಏರಬಹುದು. ತಿಂಗಳಿಗೊಮ್ಮೆ ತೂಕ ಬರೆದಿಡಿ.

ರೋಗ ಏನು ಅಂತ ಗಟ್ಟಿಯಾಗಬೇಕಾದಾಗ, ಎರಡು ಮೂರು ಮಾತ್ರೆಗಳಲ್ಲೂ ಹತೋಟಿಗೆ ಬಾರದಿದ್ದಾಗ, ನಿಮ್ಹಾನ್ಸ್. ಹೊಸೂರು ರಸ್ತೆಯಲ್ಲಿದೆ, ಮಕ್ಕಳಿಗೆ ಪ್ರತ್ಯೇಕ ಮನೋವೈದ್ಯ ವಿಭಾಗ ಇದೆ. ಮೊದಲ ಸಲ ಹೋದರೆ ಇಡೀ ದಿನ ಅಲ್ಲೇ ಅಂತ ಲೆಕ್ಕ ಹಾಕಿ. ಪಡಿತರ ಚೀಟಿ, ಆಧಾರ್ ಜೊತೆಗಿರಲಿ. ಅಲ್ಲಿ ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಅಂತ ಇರುತ್ತಾರೆ. ಅವರನ್ನು ಕಾಣಬೇಕು ಅಂತ ನೀವೇ ಕೇಳಿ. ಖರ್ಚು, ಮನೆಯ ಕಷ್ಟ, ಊರಲ್ಲಿ ಯಾರು ಮುಂದುವರಿಸಬೇಕು ಅನ್ನುವುದನ್ನೆಲ್ಲ ಕೂತು ಕೇಳುವವರು ಅವರು.

ನಮ್ಮೂರಿಂದ ರೈಲು ಇದೆ, ಬಸ್ಸೂ ಇದೆ. ಬೆಳಗಿನ ಮೊದಲ ರೈಲು ಹಿಡಿಯುವ ಆತುರದಲ್ಲಿ ಮಗುವನ್ನು ನಡುರಾತ್ರಿ ಎಬ್ಬಿಸಬೇಡಿ. ಫಿಟ್ಸ್ ಇರುವ ಮಗುವಿಗೆ ನಿದ್ದೆಗೆಟ್ಟರೆ ದಾರಿಯಲ್ಲೇ ಫಿಟ್ಸ್ ಬರಬಹುದು. ಬೆಂಗಳೂರಲ್ಲಿ ನೆಂಟರಿದ್ದರೆ ಹಿಂದಿನ ದಿನವೇ ಹೋಗಿ. ಇಇಜಿ (ತಲೆಗೆ ತಂತಿ ಅಂಟಿಸಿ ಮಿದುಳನ್ನು ನೋಡುವ ಪರೀಕ್ಷೆ) ಇದ್ದರೆ ಹಿಂದಿನ ದಿನ ತಲೆಸ್ನಾನ ಮಾಡಿಸಿ, ಎಣ್ಣೆ ಹಚ್ಚಬೇಡಿ. ಎಣ್ಣೆ ಇದ್ದರೆ ತಂತಿ ಸರಿಯಾಗಿ ಅಂಟುವುದಿಲ್ಲ. ಬೆಳಗಿನ ಮಾತ್ರೆ ಕೊಡಬೇಕಾ, ನಿದ್ದೆ ಕಡಿಮೆ ಮಾಡಿಸಿ ತರಬೇಕಾ ಅನ್ನುವುದನ್ನು ಮೊದಲೇ ಕೇಳಿಕೊಳ್ಳಿ.

ಪ್ರಮಾಣಪತ್ರ ಮತ್ತು ದುಡ್ಡು

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ತೊಂದರೆಗಳಿವೆ. ಆಟಿಸಂ, ಬುದ್ಧಿಮಾಂದ್ಯತೆ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ ಎಲ್ಲವೂ ಇವೆ. ಫಿಟ್ಸ್ ಅನ್ನುವ ಹೆಸರು ಮಾತ್ರ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಮಗುವಿಗೆ ಬೇರೆ ಏನಿದೆಯೋ ಅದರ ಮೇಲೆ ಅರ್ಜಿ ಹಾಕಬೇಕು. ಬಹುತೇಕ ಸೌಲಭ್ಯಕ್ಕೆ ಕನಿಷ್ಠ ಶೇ. 40 ನ್ಯೂನತೆ ಇರಬೇಕು. ಅರ್ಜಿ ಯುಡಿಐಡಿ ಅನ್ನುವ ವಿಕಲಚೇತನರ ಗುರುತಿನ ಕಾರ್ಡಿನ ಸ್ವಾವಲಂಬನ್ ಪೋರ್ಟಲ್‌ನಲ್ಲಿ. ಆಮೇಲೆ ಆಸ್ಪತ್ರೆಯ ಬೋರ್ಡಿನ ಮುಂದೆ ಮಗುವನ್ನು ಕರೆದೊಯ್ಯಬೇಕು. ಬುದ್ಧಿಮಟ್ಟದ ಐಕ್ಯೂ ರಿಪೋರ್ಟ್, ಆಟಿಸಂ ಅಳೆಯುವ ಐಎಸ್‌ಎಎ ಪರೀಕ್ಷೆಯ ರಿಪೋರ್ಟ್ ಮೊದಲೇ ಆಗಿದ್ದರೆ ಜೆರಾಕ್ಸ್ ಒಯ್ಯಿರಿ.

ನನ್ನ ಅಂಗಡಿಯಲ್ಲಿ ಈ ಅರ್ಜಿಗಳು ನಿಲ್ಲುವುದು ಒಂದೇ ಕಾರಣಕ್ಕೆ, ಹೆಸರು. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಶಾಲೆಯಲ್ಲಿ ಮುಂದೆ, ಜನನ ಪತ್ರದಲ್ಲಿ ಇನಿಷಿಯಲ್ಲೇ ಇಲ್ಲ. ಅದನ್ನು ಮೊದಲು ಸರಿಮಾಡಿಸಿ. ಸಣ್ಣ ಮಕ್ಕಳಿಗೆ ಸಾಮಾನ್ಯವಾಗಿ ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ. ಅವಧಿ ಮುಗಿಯುವ ತಾರೀಖನ್ನು ಆ ಮೇಲಿನ ಹಾಳೆಯಲ್ಲೇ ಬರೆಯಿರಿ, ಇಲ್ಲದಿದ್ದರೆ ಪಿಂಚಣಿ ನಿಂತಾಗಲೇ ನೆನಪಾಗುವುದು.

ಕಾರ್ಡ್ ಬಂದ ಮೇಲೆ ನಾಡಕಚೇರಿಯಲ್ಲಿ ಪಿಂಚಣಿಗೆ ಹಾಕಿ. ಕೆಎಸ್‌ಆರ್‌ಟಿಸಿ ಪಾಸ್ ಮಾಡಿಸಿ, ಮನೆಯಿಂದ 100 ಕಿಲೋಮೀಟರ್ ಒಳಗೆ ನಡೆಯುತ್ತದೆ, ನಮಗೆ ಬೆಂಗಳೂರು ಅದರೊಳಗೇ ಬರುತ್ತದೆ. ತಾಯಿಗೆ ಹೇಗೂ ಶಕ್ತಿ ಯೋಜನೆ ಇದೆ. ರೈಲಿನಲ್ಲಿ ಬುದ್ಧಿಮಾಂದ್ಯ ಮಗುವಿಗೂ ಜೊತೆಗೆ ಹೋಗುವವರಿಗೂ ರಿಯಾಯಿತಿ ಇದೆ. ನಿರಾಮಯ ಅನ್ನುವ ಆರೋಗ್ಯ ವಿಮೆಯ ಬಗ್ಗೆ ನಮ್ಮ ಕಡೆ ಬಹಳ ಜನಕ್ಕೆ ಗೊತ್ತೇ ಇಲ್ಲ. ಕೇಂದ್ರದ ನ್ಯಾಷನಲ್ ಟ್ರಸ್ಟ್ ನಡೆಸುವುದು. ಆಟಿಸಂ, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದಿರುವುದು), ಬುದ್ಧಿಮಾಂದ್ಯತೆ, ಬಹುವಿಧ ನ್ಯೂನತೆ ಇದ್ದವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಥೆರಪಿ ಖರ್ಚಿಗೂ ಒಂದು ಭಾಗ ಇದೆ, ಬಿಲ್ಲು ಜೋಪಾನ. ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯು ಅಂತ ವಿಕಲಚೇತನರ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಈ ಓಡಾಟಕ್ಕೆ ಅವರ ನೆರವು ಕೇಳಿ.

ಜೆರಾಕ್ಸ್ ಅಂಗಡಿಯವನಾಗಿಯೇ ಇದನ್ನೂ ಹೇಳಿಬಿಡುತ್ತೇನೆ. ಪೂರ್ತಿ ಫೈಲ್ ಕೊಟ್ಟು ಟೀ ಕುಡಿಯಲು ಹೋಗಬೇಡಿ. ಬೇಕಾದ ಹಾಳೆ ಮಾತ್ರ ಕೊಡಿ. ವಾಟ್ಸಾಪ್‌ನಲ್ಲಿ ಕಳಿಸಿದ ಪಿಡಿಎಫ್ ಅನ್ನು ಅಂಗಡಿಯ ಕಂಪ್ಯೂಟರಿನಿಂದ ನಿಮ್ಮ ಎದುರಿಗೇ ಅಳಿಸಲು ಹೇಳಿ. ನನ್ನ ಅಂಗಡಿಯಾದರೂ ಅಷ್ಟೇ.

ಶಾಲೆ

ಶೇ. 40 ಅಥವಾ ಅದಕ್ಕಿಂತ ಹೆಚ್ಚು ನ್ಯೂನತೆ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಹಕ್ಕು. ಹತ್ತಿರದ ಶಾಲೆಗಾದರೂ ಹಾಕಿ, ವಿಶೇಷ ಶಾಲೆಗಾದರೂ ಹಾಕಿ. ಕ್ಷೇತ್ರ ಸಂಪನ್ಮೂಲ ಕೇಂದ್ರ ಅಂದರೆ ಬಿಆರ್‌ಸಿಯಲ್ಲಿ ಬಿಐಇಆರ್‌ಟಿ ಅನ್ನುವ ವಿಶೇಷ ಶಿಕ್ಷಕರು ಇರುತ್ತಾರೆ. ಅವರನ್ನೂ ತರಗತಿಯ ಟೀಚರನ್ನೂ ಒಂದೇ ದಿನ ಕೂರಿಸಿ ಮಾತಾಡಿ. ಶಾಲೆಗೆ ಹೋಗಲಾಗದಷ್ಟು ತೊಂದರೆ ಇದ್ದರೆ ಮನೆಗೇ ಬಂದು ಕಲಿಸುವ ಗೃಹಾಧಾರಿತ ಶಿಕ್ಷಣ ಇದೆ. ಅದನ್ನು ಶಾಲೆಯವರು ಮೊದಲ ಉಪಾಯವಾಗಿ ಹೇಳಿದರೆ ಒಪ್ಪಿಕೊಳ್ಳಬೇಡಿ. ಮಕ್ಕಳ ಜೊತೆ ಕೂರುವುದೇ ಒಂದು ಕಲಿಕೆ.

ಶಾಲೆಗೆ ಕೊಡುವ ಹಾಳೆ ಬೇರೆ. ಫಿಟ್ಸ್ ಬಂದರೆ ಏನು ಮಾಡಬೇಕು, ಯಾರಿಗೆ ಫೋನ್, ಏನು ಕೊಟ್ಟರೆ ಸಮಾಧಾನ ಆಗುತ್ತಾನೆ, ಇಷ್ಟು ಸಾಕು. ಮನೆಯ ಜಗಳ, ಅಪ್ಪನ ಕುಡಿತ, ಅಮ್ಮನ ಮಾತ್ರೆ ಅವರಿಗೆ ಬೇಕಿಲ್ಲ. ಮೇಡಂ ಹತ್ತಿರ ಒಂದು ನೋಟ್‌ಬುಕ್ ಇಟ್ಟು ದಿನಕ್ಕೆ ಒಂದು ಸಾಲು ಬರೆಯಲು ಕೇಳಿ: ನಿದ್ದೆ ಮಾಡಿದನಾ, ಹೊಡೆದನಾ, ಊಟ ಮಾಡಿದನಾ. ಆ ಸಾಲುಗಳು ಡಾಕ್ಟರ್‌ಗೆ ಬಂಗಾರ.

ಮನೆಯಲ್ಲಿ ಉಳಿದವರು

ಮಗುವಿನ ಹಾಳೆ ಪಕ್ಕಾ ಆದಮೇಲೆ ಮನೆಯ ಉಳಿದವರ ಕಡೆ ತಿರುಗಿ. ಮಗುವಿಗೆ ಥೆರಪಿ ಮಾಡುವವರು ಮನೆಯವರೇ. ಅವರೇ ಕುಸಿದರೆ ಯಾವ ನಿಮ್ಹಾನ್ಸೂ ಉಪಯೋಗಕ್ಕೆ ಬರುವುದಿಲ್ಲ.

ನಮ್ಮಕ್ಕ ಒಂದು ಹಂತದಲ್ಲಿ ಮನು ನಿದ್ದೆ ಹೋದ ಮೇಲೂ ಸುಮ್ನೆ ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದಳು. ಅನ್ನ ಬಡಿಸಿಕೊಂಡು ಹಾಗೇ ಬಿಟ್ಟು ಏಳುತ್ತಿದ್ದಳು. ತಲೆ ಬಾಚುವುದನ್ನೇ ಬಿಟ್ಟಿದ್ದಳು. ದಣಿವು ಅಂದುಕೊಳ್ಳುವುದು ಸುಲಭ. ಎರಡು ವಾರ ಕಳೆದರೂ ಹೀಗೇ ಇದ್ದರೆ ಅದು ಖಿನ್ನತೆಯೂ ಆಗಿರಬಹುದು, ತಾಯಿಗೂ ಡಾಕ್ಟರ್ ಬೇಕು. ಮಗುವಿನ ಸರದಿಯಲ್ಲಿ "ಹಾಗೇ ನಂದೂ ಒಂದು ಮಾತು" ಅಂತ ಕೇಳುವುದಲ್ಲ. ಅವಳ ಹೆಸರಲ್ಲಿ ಬೇರೆ ಚೀಟಿ, ಬೇರೆ ದಿನ. ಅಂದು ಮಗು ನಮ್ಮ ಹತ್ತಿರ. ಅಕ್ಕನಿಗೆ ಮಾತ್ರೆಗಿಂತ ಆ ಅರ್ಧ ದಿನ ಒಬ್ಬಳೇ ಬಸ್ಸಿನಲ್ಲಿ ಕೂತದ್ದೇ ಹೆಚ್ಚು ಗುಣ ಕೊಟ್ಟಿತು ಅಂತ ಅವಳೇ ನಗುತ್ತಾ ಹೇಳುತ್ತಾಳೆ. ಮಾತ್ರೆಯನ್ನೂ ತೆಗೆದುಕೊಂಡಳು, ಅದು ಬೇರೆ ಮಾತು.

ತಾಯಿ "ನಾನೂ ಇವನೂ ಒಟ್ಟಿಗೆ ಹೋಗಿಬಿಡ್ತೀವಿ" ಅಂದರೆ ಅದನ್ನು ಬೇಸರದ ಮಾತು ಅಂತ ತಳ್ಳಿಹಾಕಬೇಡಿ. ಒಬ್ಬಳನ್ನೇ ಬಿಡಬೇಡಿ. ನೇರವಾಗಿ ಕೇಳಿ, "ಸಾಯಬೇಕು ಅನ್ನಿಸ್ತಿದೆಯಾ?" ಅಂತ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಮನೆಯ ಮಾತ್ರೆಗಳು, ತೋಟಕ್ಕೆ ಹೊಡೆಯುವ ಔಷಧಿ ಎರಡಕ್ಕೂ ಬೀಗ ಹಾಕಿ ಕೀ ಬೇರೆಯವರ ಹತ್ತಿರ ಇಡಿ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾದದ್ದು. ದುಡ್ಡಿಲ್ಲ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಈಗಲೇ ಅಪಾಯ ಅನ್ನಿಸಿದರೆ ಫೋನಿಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ನಮ್ಮ ಭಾವ ಟೊಮೆಟೊ ಮಂಡಿಯಲ್ಲಿ ಲೋಡಿಂಗ್ ಮಾಡುತ್ತಾರೆ. ಸಂಜೆ ಕುಡಿತ. ಬೈದು ಬೈದು ಬಾಯಿ ನೋಯಿಸಿಕೊಳ್ಳುವ ಬದಲು ಅವರಿಗೆ ಒಂದು ನಿಶ್ಚಿತ ಕೆಲಸ ಕೊಟ್ಟೆವು, ರಾತ್ರಿಯ ಮಾತ್ರೆ ಕೊಟ್ಟು ಕ್ಯಾಲೆಂಡರಿನಲ್ಲಿ ಗೆರೆ ಎಳೆಯುವುದು. ಗೆರೆ ಇಲ್ಲದ ದಿನ ನಾವು ಏನೂ ಅನ್ನುವುದಿಲ್ಲ, ಅಕ್ಕ ಮಾತ್ರೆಯ ಡಬ್ಬಿ ನೋಡಿಕೊಳ್ಳುತ್ತಾಳೆ. ಪೂರ್ತಿ ಬಿಟ್ಟಿಲ್ಲ, ಕಡಿಮೆಯಾಗಿದೆ. ದಿನಾ ಜಾಸ್ತಿ ಕುಡಿಯುವವರು ಹಠದಲ್ಲಿ ಒಂದೇ ಏಟಿಗೆ ಬಿಟ್ಟರೆ ನಡುಕ, ಭ್ರಮೆ, ಫಿಟ್ಸ್ ಕೂಡ ಬರಬಹುದು. ಬಿಡುವುದನ್ನೂ ಡಾಕ್ಟರ್ ಕೇಳಿಯೇ ಬಿಡಬೇಕು.

ಇನ್ನು ಮನುವಿನ ಅಕ್ಕ, ಒಂಬತ್ತನೇ ಕ್ಲಾಸು. ಎಲ್ಲರೂ ಅವಳನ್ನು "ತುಂಬಾ ಹೊಂದಿಕೊಳ್ಳುವ ಹುಡುಗಿ" ಅನ್ನುತ್ತಾರೆ. ಅಂಥ ಮಕ್ಕಳ ಮೇಲೆಯೇ ಒಂದು ಕಣ್ಣಿಡಬೇಕು ಅನ್ನುತ್ತೇನೆ ನಾನು. ಗೆಳತಿಯರನ್ನು ಮನೆಗೆ ಕರೆಯುವುದು ನಿಲ್ಲಿಸಿದ್ದಳು. ಭಾನುವಾರ ಬಂದರೆ ತಲೆನೋವು. ಈಗ ಶನಿವಾರ ಸಂಜೆ ಅವಳೂ ಅವರಮ್ಮನೂ ಇಬ್ಬರೇ ಹೋಗಿ ಪಾನಿಪುರಿ ತಿಂದು ಬರುತ್ತಾರೆ. ಬಂಗಾರಪೇಟೆಯಲ್ಲಿದ್ದು ಪಾನಿಪುರಿ ತಿನ್ನದಿದ್ದರೆ ಹೇಗೆ? ಮನು ಆ ಹೊತ್ತು ನನ್ನ ಅಂಗಡಿಯಲ್ಲಿ ಖಾಲಿ ಟೋನರ್ ಡಬ್ಬಿ ಜೋಡಿಸುತ್ತಿರುತ್ತಾನೆ. ಹದಿಹರೆಯದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇದೆ. 14416 ಅವಳಿಗೂ ಆಗುತ್ತದೆ. ಅವಳು ಅಲ್ಲಿ ಏನು ಹೇಳಿದಳು ಅಂತ ನಾವು ಕೇಳುವುದಿಲ್ಲ. ಅವಳ ಚೀಟಿ ಮನುವಿನ ಫೈಲಿನಲ್ಲಿ ಇಲ್ಲ, ಅವಳ ಪುಸ್ತಕದ ಬ್ಯಾಗಿನಲ್ಲಿದೆ. "ನಾವು ಹೋದ ಮೇಲೆ ತಮ್ಮನನ್ನು ನೀನೇ ನೋಡ್ಕೋಬೇಕು" ಅನ್ನುವ ಮಾತನ್ನು ಮನೆಯಲ್ಲಿ ಆಡಬಾರದು ಅಂತ ನಾನೇ ಕಡ್ಡಾಯ ಮಾಡಿದ್ದೇನೆ.

ರಾತ್ರಿ ಹೊತ್ತಿನ ಹಾಳೆ

ಇದು ಬಾಗಿಲ ಹಿಂದೆ ಅಂಟಿಸಿಡುವ ಹಾಳೆ, ದೊಡ್ಡಕ್ಷರದಲ್ಲಿ. ಫಿಟ್ಸ್ ಬಂದರೆ ಗಡಿಯಾರ ನೋಡು. ಮಗುವನ್ನು ಪಕ್ಕಕ್ಕೆ ಹೊರಳಿಸು. ತಲೆ ಕೆಳಗೆ ಮೆತ್ತಗಿನದ್ದು ಇಡು. ಬಾಯಿಗೆ ಚಮಚ, ಬೆರಳು, ನೀರು ಏನೂ ಬೇಡ. ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಈರುಳ್ಳಿ, ಚಪ್ಪಲಿ ಹಿಡಿಯುವುದು, ಇದರಿಂದ ಫಿಟ್ಸ್ ನಿಲ್ಲುವುದಿಲ್ಲ. ಬಹಳಷ್ಟು ಫಿಟ್ಸ್ ತಾನಾಗಿಯೇ ನಿಲ್ಲುತ್ತದೆ, ನಾವು ಕಬ್ಬಿಣಕ್ಕೆ ಹೆಸರು ಕೊಡುತ್ತೇವೆ ಅಷ್ಟೇ. 5 ನಿಮಿಷ ದಾಟಿದರೆ, ಅಥವಾ ಪ್ರಜ್ಞೆ ಬರದೆ ಮತ್ತೆ ಬಂದರೆ 108. ಡಾಕ್ಟರ್ ಮೂಗಿಗೆ ಹೊಡೆಯುವ ಮಿಡಾಜೋಲಮ್ ಸ್ಪ್ರೇ ಬರೆದಿದ್ದರೆ ಅದು ಎಲ್ಲಿದೆ, ಎಷ್ಟು ಸಲ ಒತ್ತಬೇಕು ಅಂತ ಇದೇ ಹಾಳೆಯಲ್ಲಿ ಇರಲಿ. ಇನ್ನೊಬ್ಬರು ಪಕ್ಕದಲ್ಲಿದ್ದರೆ ಮುಖವೂ ಕೈಕಾಲೂ ಕಾಣುವಂತೆ ವಿಡಿಯೊ ಮಾಡಲಿ. ಡಾಕ್ಟರ್‌ಗೆ ನಮ್ಮ ವರ್ಣನೆಗಿಂತ ಅದು ಜಾಸ್ತಿ ಹೇಳುತ್ತದೆ. ಆ ವಿಡಿಯೊ ಡಾಕ್ಟರ್‌ಗೆ ಮಾತ್ರ, ಗುಂಪುಗಳಿಗೆ ಅಲ್ಲ.

ಮಗುವಿಗೆ ಯಾರಾದರೂ ತೊಂದರೆ ಕೊಡುತ್ತಿದ್ದಾರೆ ಅನ್ನುವ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098. ಮಾತು ಬಾರದ ಮಕ್ಕಳಿಗೆ ಈ ಅಪಾಯ ಜಾಸ್ತಿ. ಸ್ನಾನಕ್ಕೆ, ಶೌಚಕ್ಕೆ ಯಾರು ಸಹಾಯ ಮಾಡುತ್ತಾರೆ ಅನ್ನುವುದು ಶಾಲೆಯಲ್ಲೂ ಮನೆಯಲ್ಲೂ ಹೆಸರು ಹಿಡಿದು ತೀರ್ಮಾನವಾಗಿರಲಿ.

ಹದಿನೆಂಟು ಬರುವ ಮೊದಲು

ಇದು ದೂರದ ವಿಷಯ ಅನ್ನಿಸುತ್ತದೆ. ಆದರೆ 18 ತುಂಬಿದ ದಿನದಿಂದ ಕಾನೂನಿನ ಲೆಕ್ಕದಲ್ಲಿ ಮಗು ದೊಡ್ಡವನು. ಬ್ಯಾಂಕ್, ಆಸ್ತಿ, ಸಹಿ ಎಲ್ಲಕ್ಕೂ ತಂದೆ ತಾಯಿಯೇ ತಾನಾಗಿ ಪೋಷಕರಾಗಿ ಉಳಿಯುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ನ್ಯೂನತೆ ಇದ್ದವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಕಾನೂನುಬದ್ಧ ಪೋಷಕರನ್ನು ನೇಮಿಸುತ್ತಾರೆ. ಅರ್ಜಿ ಹೋಗುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ. ಹದಿನೇಳು ನಡೆಯುವಾಗಲೇ ಕಾಗದ ಕೂಡಿಸಲು ಶುರು ಮಾಡಿ. ಮಕ್ಕಳ ಮನೋವೈದ್ಯ ವಿಭಾಗದಿಂದ ದೊಡ್ಡವರ ವಿಭಾಗಕ್ಕೆ ಹೋಗುವಾಗಲೂ ಬೀಳ್ಕೊಡುವ ಡಾಕ್ಟರ್ ಹತ್ತಿರ ಒಂದು ಪೂರ್ತಿ ಸಾರಾಂಶ ಪತ್ರ ಬರೆಸಿಕೊಳ್ಳಿ, ಮೂಲ ಪ್ರತಿ ಮನೆಯಲ್ಲಿಡಿ, ಹೊಸ ಡಾಕ್ಟರ್‌ಗೆ ಜೆರಾಕ್ಸ್ ಕೊಡಿ. ಫೈಲಿನ ಕೊನೆಯ ಜೇಬಿನಲ್ಲಿ ನಾಲ್ಕು ಪಾಸ್‌ಪೋರ್ಟ್ ಸೈಜ್ ಫೋಟೊ ಸದಾ ಇರಲಿ. ಎಲ್ಲಾ ಅರ್ಜಿಗೂ ಕೇಳುತ್ತಾರೆ, ಮಗುವನ್ನು ಸ್ಟುಡಿಯೊದಲ್ಲಿ ಕೂರಿಸುವುದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತಲ್ಲ.